ಅಜ್ಜಿ ಕೇಳಿದ ಒಂದು ಕತಿ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಪುಸ್ತಕಗಳೇ ಹೆಚ್ಚಿದ್ದವು. ಎಲ್ಲವೂ ಸ್ಪರ್ಧಾತ್ಮಕ ಪರೀಕ್ಷೆಯವು. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಸಾಮಾನ್ಯ ಕನ್ನಡದ ಪಟ್ಟಿಯೊಂದನ್ನು ಜೋರಾಗಿ ಬಾಯಿಪಾಠ ಮಾಡುತ್ತಿದ್ದೆ. ನಾಕುತಂತಿ, ಬೇಂದ್ರೆ, ಜ್ಞಾನಪೀಠ 1973. ಚಿಕವೀರ ರಾಜೇಂದ್ರ, ಮಾಸ್ತಿ, ಜ್ಞಾನಪೀಠ 1983. ಕ್ರೌಂಚ ಪಕ್ಷಿಗಳು, ವೈದೇಹಿ, ಕೇಂದ್ರ ಸಾಹಿತ್ಯ ಅಕಾಡೆಮಿ 2009...

ಪಕ್ಕದಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ‘ಏನ ಯವ್ವಾ ಅದು, ಮಂತ್ರ ಹೇಳಿದಂಗ ಹೇಳಾಕತ್ತೀ?’ ಎಂದಳು.

‘ಪುಸ್ತಕದ ಹೆಸರು ಅಜ್ಜಿ. ಯಾರು ಬರದಾರ, ಯಾವಾಗ ಪ್ರಶಸ್ತಿ ಬಂತು ಅಂತ.’

‘ಎಷ್ಟ ಅದಾವು?’

‘ನೂರರ ಮ್ಯಾಲೆ ಅದಾವು.’

ಅಜ್ಜಿಯ ಮುಖ ಅರಳಿತು. ಶಾಲೆಯ ಕಟ್ಟೆ ಹತ್ತದ ಆಕೆಗೆ ಮೊಮ್ಮಗಳು ನೂರು ಪುಸ್ತಕ ಬಲ್ಲಳು ಎನ್ನುವುದೇ ದೊಡ್ಡ ಸಂಗತಿ. ‘ಹಂಗಾರ ಅದರಾಗಿಂದ ಒಂದ ಕತಿ ಹೇಳು. ನನಗೂ ನಿದ್ದಿ ಬರವಲ್ದು’ ಎಂದಳು.

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ‘ಬೆಟ್ಟದ ಜೀವ’ ಶಿವರಾಮ ಕಾರಂತರದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆ ಬೆಟ್ಟದಲ್ಲಿ ಇದ್ದವರು ಯಾರು, ಅವರಿಗೆ ಏನಾಯಿತು ಎಂಬುದು ಗೊತ್ತಿರಲಿಲ್ಲ. ನೂರಕ್ಕೂ ಹೆಚ್ಚು ಪುಸ್ತಕಗಳ ಹೆಸರು ಬಲ್ಲ ನನ್ನ ಹತ್ತಿರ ಅಜ್ಜಿಗೆ ಹೇಳಲು ಒಂದು ಕಥೆ ಇರಲಿಲ್ಲ. ‘ನಾಳೆ ಹೇಳ್ತೀನಿ’ ಎಂದು ಲೈಟ್ ಆರಿಸಿ ಮಲಗಿದೆ. ಮರುದಿನ ಅಜ್ಜಿ ಮತ್ತೆ ಕೇಳಿದಳು. ಓದುವುದು ಬಹಳ ಇದೆ ಎಂದು ನೆಪ ಹೇಳಿದೆ. ಮೂರನೆಯ ದಿನ ಆಕೆ ಕೇಳಲಿಲ್ಲ. ಕೇಳಿದ್ದಕ್ಕಿಂತ ಕೇಳದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ನಾನು ಹಾವೇರಿ ಜಿಲ್ಲೆಯ ಹಳ್ಳಿಯವಳು. ಬಿ.ಎ. ಮುಗಿಸಿ ಎರಡು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೇನೆ. ಇಲ್ಲಿ ಇದ್ದವರಿಗೆ ಗೊತ್ತು, ಗಲ್ಲಿ ಗಲ್ಲಿಗೂ ಒಂದು ಕೋಚಿಂಗ್ ಸೆಂಟರ್, ಒಂದು ಜೆರಾಕ್ಸ್ ಅಂಗಡಿ, ಒಂದು ಖಾನಾವಳಿ. ಎಲ್ಲಿ ನೋಡಿದರೂ ಪುಸ್ತಕ. ಆದರೆ ಈ ಎರಡು ವರ್ಷಗಳಲ್ಲಿ ನಾನಾಗಿ ಆರಿಸಿಕೊಂಡು ಓದಿದ ಪುಸ್ತಕ ಒಂದೂ ಇರಲಿಲ್ಲ. ರೂಮ್‌ಮೇಟ್ ತಂದದ್ದನ್ನು ನಾನೂ ತಂದೆ, ಮುಂದಿನ ಬೆಂಚಿನವರು ಗೆರೆ ಎಳೆದದ್ದಕ್ಕೆ ನಾನೂ ಗೆರೆ ಎಳೆದೆ. ಅಷ್ಟಾಗಿಯೂ ಎಫ್‌ಡಿಎ ಪರೀಕ್ಷೆ ಕೆಲವೇ ಅಂಕಗಳಲ್ಲಿ ಕೈತಪ್ಪಿತ್ತು.

ಹಬ್ಬ ಮುಗಿಸಿ ಧಾರವಾಡಕ್ಕೆ ಮರಳಿದವಳೇ ಒಂದು ನಿರ್ಧಾರ ಮಾಡಿದೆ. ದಿನಕ್ಕೆ ಒಂದು ತಾಸು ಪರೀಕ್ಷೆಗೆ ಬೇಡದ ಪುಸ್ತಕ ಓದಬೇಕು. ಸಾರ್ವಜನಿಕ ಗ್ರಂಥಾಲಯದಲ್ಲಿ ಸದಸ್ಯತ್ವ ಮಾಡಿಸಿ ಎರವಲು ವಿಭಾಗದ ಕಪಾಟುಗಳ ಮುಂದೆ ನಿಂತೆ. ಕಾದಂಬರಿ, ಕಥೆ, ನಾಟಕ, ಪ್ರವಾಸ, ಆತ್ಮಕಥೆ, ಅನುವಾದ, ವಿಜ್ಞಾನ ಎಲ್ಲವೂ ಸಾಲಾಗಿ ನಿಂತಿದ್ದವು. ಬಾಯಿಪಾಠ ಮಾಡಿದ ಹೆಸರುಗಳೆಲ್ಲ ಬೆನ್ನು ತೋರಿಸಿ ಕುಳಿತಿದ್ದವು. ಸಂತೋಷವಾಗಬೇಕಿತ್ತು, ಹೆದರಿಕೆಯಾಯಿತು. ಇಷ್ಟರಲ್ಲಿ ಯಾವುದು?

ಮೊದಲ ಸಲ ದೊಡ್ಡದನ್ನೇ ಓದೋಣ ಎಂದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತಂದೆ. ಏಳುನೂರಕ್ಕೂ ಹೆಚ್ಚು ಪುಟ. ಗುತ್ತಿಯೂ ಅವನ ನಾಯಿ ಹುಲಿಯನೂ ಕಾಡುದಾರಿ ಹಿಡಿದು ಹೊರಟರು, ನಾನು ನಲವತ್ತನೆಯ ಪುಟದಲ್ಲೇ ಉಳಿದೆ. ಹೆಸರುಗಳು ಕಲಸಿಹೋಗುತ್ತಿದ್ದವು, ಹಿಂದಿನ ದಿನ ಓದಿದ್ದು ಮರುದಿನ ಮರೆಯುತ್ತಿತ್ತು. ಹದಿನೈದು ದಿನ ಅದು ನನ್ನ ತಲೆದಿಂಬಿನ ಪಕ್ಕದಲ್ಲಿ ಮಲಗಿ ಎದ್ದಿತು. ಎರಡನೆಯ ಸಲ ಎಲ್ಲರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಕಾಣುತ್ತಿದ್ದ ಯಶಸ್ಸಿನ ಸೂತ್ರದ ಇಂಗ್ಲಿಷ್ ಪುಸ್ತಕವೊಂದನ್ನು ಫುಟ್‌ಪಾತಿನಲ್ಲಿ ಕೊಂಡೆ. ಮುಖಪುಟದ ಫೋಟೊ ತೆಗೆದು ಸ್ಟೇಟಸ್ ಹಾಕಿದೆ, ಒಳಗೆ ಮೂರನೆಯ ಅಧ್ಯಾಯ ದಾಟಲಿಲ್ಲ. ಓದುವುದು ನನ್ನ ಕೈಲಿ ಆಗದ ಕೆಲಸ ಎನಿಸತೊಡಗಿತು.

ದಪ್ಪ ಪುಸ್ತಕವನ್ನು ತಲೆ ತಗ್ಗಿಸಿಕೊಂಡೇ ಹಿಂದಿರುಗಿಸಿದೆ. ಕೌಂಟರಿನಲ್ಲಿದ್ದ ಹಿರಿಯ ಗ್ರಂಥಪಾಲಕರು, ‘ಪೂರ್ತಿ ಓದಿದಿರೇನವಾ?’ ಎಂದರು. ಇಲ್ಲ ಎಂದೆ. ‘ಅದಕ್ಕ್ಯಾಕ ಇಷ್ಟು ಸಣ್ಣ ಮುಖ ಮಾಡ್ತೀರಿ? ಪುಸ್ತಕ ಏನು ಸಿಟ್ಟಾಗೂದಿಲ್ಲ. ಇನ್ನ ಎರಡು ವರ್ಷ ಬಿಟ್ಟು ಬರ್ರಿ, ಇಲ್ಲೇ ಇರತೈತಿ’ ಎಂದು ನಕ್ಕರು. ಆಮೇಲೆ, ‘ರಂಗನಾಥನ್ ಹೆಸರು ಕೇಳೀರಿ?’ ಎಂದರು.

‘ಎಸ್.ಆರ್. ರಂಗನಾಥನ್, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ’ ಎಂದು ಪಟಪಟನೆ ಹೇಳಿದೆ. ಅದು ಕೂಡ ಒಂದು ಅಂಕದ ಪ್ರಶ್ನೆಯೇ ತಾನೆ! ‘ಅವರು ಏನು ಹೇಳ್ಯಾರ?’ ಎಂದು ಕೇಳಿದರೆ ಮತ್ತೆ ಅಜ್ಜಿಯ ಮುಂದೆ ಕುಳಿತ ಹಾಗಾಯಿತು.

ಅವರೇ ಹೇಳಿದರು. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಪುಸ್ತಕ ಇರುವುದು ಬಳಸುವುದಕ್ಕೆ, ಓದುಗರಿಗೆಲ್ಲ ತಮಗೆ ತಕ್ಕ ಪುಸ್ತಕ ಸಿಗಬೇಕು, ಪುಸ್ತಕಗಳಿಗೂ ತಕ್ಕ ಓದುಗರು ಸಿಗಬೇಕು, ಓದುವವರ ಸಮಯ ಉಳಿಯಬೇಕು, ಗ್ರಂಥಾಲಯ ಬೆಳೆಯುತ್ತಲೇ ಇರಬೇಕು ಎಂಬುದು ಅವುಗಳ ತಾತ್ಪರ್ಯ. ಕೊನೆಗಾಲದಲ್ಲಿ ಅವರು ನಮ್ಮ ಬೆಂಗಳೂರಿನಲ್ಲೇ ಇದ್ದರು. ‘ನಿಮಗ ತಕ್ಕದ್ದು ಯಾವುದು ಅಂತ ಪ್ರಶಸ್ತಿ ಪಟ್ಟಿ ಹೇಳೂದಿಲ್ಲರಿ. ನಿಂತು ನಾಲ್ಕು ಪುಟ ಓದಿ ನೋಡ್ರಿ’ ಎಂದರು.

ಅವತ್ತು ಅವರು ಹೇಳಿಕೊಟ್ಟ ಕ್ರಮವನ್ನೇ ಇಂದಿಗೂ ಅನುಸರಿಸುತ್ತಿದ್ದೇನೆ. ಕಪಾಟಿನಿಂದ ಐದಾರು ಪುಸ್ತಕ ಇಳಿಸಿಕೊಂಡು ಮೇಜಿನ ಮೇಲೆ ಇಡುವುದು. ಪ್ರತಿಯೊಂದರಲ್ಲೂ ಮೊದಲ ಎರಡು ಪುಟ, ನಡುವೆ ಎಲ್ಲಾದರೂ ಎರಡು ಪುಟ ಓದುವುದು. ಬೆನ್ನುಡಿಯನ್ನು ಕೊನೆಗೆ ನೋಡುವುದು, ಏಕೆಂದರೆ ಎಲ್ಲ ಬೆನ್ನುಡಿಗಳೂ ಹೊಗಳುತ್ತವೆ. ಮುಂದಿನ ಪುಟ ತಿರುವಬೇಕು ಎಂದು ಕೈ ತಾನಾಗಿ ಹೋದರೆ ಅದು ಮನೆಗೆ. ಎರಡು ಪುಸ್ತಕ ಒಯ್ಯುವುದಾದರೆ ಒಂದು ನಮ್ಮ ಜಗತ್ತಿಗೆ ಹತ್ತಿರದ್ದು, ಇನ್ನೊಂದು ನಮಗೆ ಏನೂ ಗೊತ್ತಿಲ್ಲದ್ದು. ಐವತ್ತು ಪುಟ ಓದಿದರೂ ಹಿಡಿಸದಿದ್ದರೆ ನಾಚಿಕೆಯಿಲ್ಲದೆ ಹಿಂದಿರುಗಿಸುವುದು.

ಹಾಗೆ ಮೊದಲು ಕೈಗೆ ಸಿಕ್ಕಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಪುಸ್ತಕ ಎಂದು ಗೊತ್ತಿತ್ತು. ಒಳಗೆ ಮಂದಣ್ಣನಂಥ ಜೇನು ಹಿಡಿಯುವವನೂ ಕರ್ವಾಲೊ ಎಂಬ ವಿಜ್ಞಾನಿಯೂ ಹಾರುವ ಓತಿಯೊಂದನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ, ನಡುನಡುವೆ ನಗು ತಡೆಯಲಾಗುವುದಿಲ್ಲ ಎಂದು ಯಾವ ನೋಟ್ಸೂ ಹೇಳಿರಲಿಲ್ಲ. ಎರಡು ರಾತ್ರಿಗಳಲ್ಲಿ ಮುಗಿಸಿದೆ. ವಿಜ್ಞಾನ ವಿಭಾಗದ ಜೀವವಿಕಾಸದ ಪಾಠವನ್ನು ಆಮೇಲೆ ಓದಿದಾಗ ಮೊದಲ ಬಾರಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಮುಂದೆ ‘ಕ್ರೌಂಚ ಪಕ್ಷಿಗಳು’ ತಂದೆ. ಓದಲು ತೆರೆದಾಗಲೇ ಅದು ಕಥೆಗಳ ಸಂಕಲನ ಎಂದು ತಿಳಿದದ್ದು! ಪರೀಕ್ಷೆಗೆ ಓದುವವರಿಗೆ ಸಣ್ಣಕಥೆಗಳಷ್ಟು ಅನುಕೂಲವಾದದ್ದು ಬೇರೆ ಇಲ್ಲ. ರಾತ್ರಿಗೆ ಒಂದು ಕಥೆ, ಮನಸ್ಸು ಹಗುರ.

ಇದರಿಂದ ನನ್ನ ಪರೀಕ್ಷೆಯ ಓದಿಗೂ ಒಂದು ಉಪಕಾರವಾಯಿತು. ನಾಲ್ಕು ಪುಟ ಓದಿ ಆರಿಸುವ ಅಭ್ಯಾಸವನ್ನು ಗೈಡುಗಳ ಮೇಲೂ ಪ್ರಯೋಗಿಸಿದೆ. ನನ್ನ ಬಳಿ ಸಂವಿಧಾನದ ಮೇಲೆ ಮೂರು ಪುಸ್ತಕಗಳಿದ್ದವು. ಮೂಲಭೂತ ಹಕ್ಕುಗಳ ಅಧ್ಯಾಯವನ್ನು ಮೂರರಲ್ಲೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದೆ. ಎರಡರಲ್ಲಿ ಸಾಲಿಗೆ ಸಾಲು ಒಂದೇ, ಕಾಗುಣಿತದ ತಪ್ಪು ಕೂಡ ಒಂದೇ! ಒಂದನ್ನು ಇಟ್ಟುಕೊಂಡು ಉಳಿದವನ್ನು ಕಟ್ಟಿಟ್ಟೆ. ಈಗ ಯಾವ ಪುಸ್ತಕ ಕೊಳ್ಳುವ ಮೊದಲೂ ಪಠ್ಯಕ್ರಮದ ಪ್ರತಿ ಮತ್ತು ಹಳೆಯ ಪ್ರಶ್ನೆಪತ್ರಿಕೆ ಕೈಯಲ್ಲಿ ಹಿಡಿದು ಹೋಗುತ್ತೇನೆ. ಮುದ್ರಣದ ವರ್ಷ ನೋಡುತ್ತೇನೆ. ನನಗೆ ಈಗಾಗಲೇ ಚೆನ್ನಾಗಿ ಗೊತ್ತಿರುವ ವಿಷಯವೊಂದನ್ನು ತೆರೆದು ಅದು ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತೇನೆ. ಅಲ್ಲೇ ತಪ್ಪಿದ್ದರೆ ಗೊತ್ತಿಲ್ಲದ ವಿಷಯದಲ್ಲಿ ಅದನ್ನು ನಂಬುವುದು ಹೇಗೆ? ಬುನಾದಿಗೆ ಆರರಿಂದ ಹತ್ತನೆಯ ತರಗತಿಯ ಸರ್ಕಾರಿ ಪಠ್ಯಪುಸ್ತಕಗಳೇ ಸಾಕು. ಒಂದು ವಿಷಯಕ್ಕೆ ಒಂದೇ ಪುಸ್ತಕ, ಅದನ್ನೇ ಮೂರು ಸಲ. ಅಪ್ಪ ಗೋವಿನಜೋಳ ಮಾರಿ ಕಳಿಸಿದ ದುಡ್ಡು ಉಳಿಯಿತು, ಆ ಒಂದು ತಾಸು ಕೂಡ ಇಲ್ಲಿಂದಲೇ ಹುಟ್ಟಿತು.

ಸಂಕ್ರಾಂತಿಗೆ ಊರಿಗೆ ಹೋಗುವ ಮೊದಲು ಗ್ರಂಥಾಲಯದಲ್ಲಿ ಬೇಕೆಂದೇ ‘ಬೆಟ್ಟದ ಜೀವ’ ಹುಡುಕಿದೆ. ಈ ಸಲ ಆಯ್ಕೆಗೆ ಕಾರಣ ಪಟ್ಟಿಯಲ್ಲ, ಅಜ್ಜಿ. ರಾತ್ರಿ ಪಡಸಾಲೆಯಲ್ಲಿ ಕುಳಿತು, ‘ಅಜ್ಜಿ, ಒಂದು ಕತಿ ಹೇಳಲೇನು?’ ಎಂದೆ.

ಸುಬ್ರಹ್ಮಣ್ಯದ ಕಡೆಯ ದಟ್ಟ ಕಾಡು. ದಾರಿ ತಪ್ಪಿದ ಪ್ರವಾಸಿಯೊಬ್ಬ ರಾತ್ರಿ ಒಂದು ಮನೆ ಸೇರುತ್ತಾನೆ. ಅಲ್ಲಿ ಗೋಪಾಲಯ್ಯ, ಶಂಕರಮ್ಮ ಎಂಬ ವಯಸ್ಸಾದ ದಂಪತಿ. ಬಂದವನನ್ನು ಬಿಡಲೊಲ್ಲರು, ಅಷ್ಟು ಪ್ರೀತಿ. ಕಾಡು ಕಡಿದು ತೋಟ ಮಾಡಿದ ಗಟ್ಟಿ ಮುದುಕ ಆತ. ಆದರೆ ಇದ್ದ ಮಗ ಮನೆ ಬಿಟ್ಟು ಹೋಗಿದ್ದಾನೆ. ನಾನು ನನ್ನ ಮಾತಿನಲ್ಲಿ, ನನಗೆ ಬಂದ ಹಾಗೆ ಹೇಳುತ್ತಾ ಹೋದೆ. ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದ್ದಳು.

‘ಆ ಮಗ ತಿರುಗಿ ಬಂದನೇನ?’ ಎಂದು ಕೇಳಿದಳು.

ನಮ್ಮ ದೊಡ್ಡಪ್ಪ ಗೋವಾಕ್ಕೆ ದುಡಿಯಲು ಹೋಗಿ ಬಹಳ ವರ್ಷಗಳಾದವು. ಮೊದಲು ಹಬ್ಬಕ್ಕೆ ಬರುತ್ತಿದ್ದ. ಬರಬರುತ್ತಾ ಅದೂ ನಿಂತಿತು. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಕಥೆ ಆರಿಸಿಕೊಳ್ಳುವಾಗ ನನಗೆ ಅದು ಹೊಳೆದೇ ಇರಲಿಲ್ಲ. ಕತ್ತಲಲ್ಲಿ ಅಜ್ಜಿಯ ಮುಖ ಕಾಣಲಿಲ್ಲ. ‘ಪೂರ್ತಿ ನಾಳೆ ಹೇಳ್ತೀನಿ ಅಜ್ಜಿ’ ಎಂದೆ. ಈ ಸಲ ಅದು ನೆಪವಾಗಿರಲಿಲ್ಲ.

ಬೆಳಿಗ್ಗೆ ನಾನು ಏಳುವ ಮೊದಲೇ ಅಜ್ಜಿ ನನ್ನ ಮೊಬೈಲ್ ಹಿಡಿದು ತಲೆದೆಸೆಯಲ್ಲಿ ಕುಳಿತಿದ್ದಳು. ‘ನಿಮ್ಮ ದೊಡ್ಡಪ್ಪಗ ಒಂದು ಫೋನ್ ಹಚ್ಚಿಕೊಡು’ ಎಂದಳು. ಹಚ್ಚಿಕೊಟ್ಟೆ. ಎಷ್ಟು ಹೊತ್ತು ಮಾತಾಡಿದರೋ, ನಾನು ಹಿತ್ತಲಿಗೆ ಹೋಗಿಬಿಟ್ಟೆ.

ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ಲೇಖಕರ ಪಟ್ಟಿಯನ್ನು ಈಗಲೂ ಬಾಯಿಪಾಠ ಮಾಡುತ್ತೇನೆ, ಅಂಕ ಬೇಕಲ್ಲ! ಆದರೆ ಓದಿದ ಪುಸ್ತಕಗಳ ಮುಂದೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿಕೊಂಡಿದ್ದೇನೆ. ಈವರೆಗೆ ಹನ್ನೊಂದಾಗಿವೆ. ‘ಮಲೆಗಳಲ್ಲಿ ಮದುಮಗಳು’ ಮುಂದೆ ಇನ್ನೂ ಗುರುತಿಲ್ಲ. ಅವಸರವಿಲ್ಲ, ಅದು ಕಪಾಟಿನಲ್ಲೇ ಇರುತ್ತದೆ.

ಗೆಳೆಯರೇ, ನಿಮ್ಮ ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಕಾಲೇಜಿನ ಗ್ರಂಥಾಲಯದಲ್ಲೋ ಕಪಾಟಿನ ಮುಂದೆ ಯಾವುದನ್ನು ಓದಲಿ ಎಂದು ಗೊತ್ತಾಗದೆ ನಿಂತಿದ್ದರೆ, ನಿಂತಲ್ಲೇ ನಾಲ್ಕು ಪುಟ ಓದಿ. ಅದನ್ನು ಯಾರಿಗೆ ಹೇಳಬೇಕು ಎನಿಸುತ್ತದೆ ಎಂದು ಒಮ್ಮೆ ಯೋಚಿಸಿ. ಒಬ್ಬರಾದರೂ ನೆನಪಾದರೆ, ಅದನ್ನೇ ಮನೆಗೆ ಒಯ್ಯಿರಿ.