ಏರುವ ಬಗೆ ಅರಿತು ಹೂಬಳ್ಳಿ ಬೆಳೆಸೋಣ

ಶಾಲೆಯ ಕೈತೋಟವಿರಲಿ, ಮನೆಯಂಗಳವಿರಲಿ, ಹೂಬಳ್ಳಿಯಿಲ್ಲದೆ ಅದಕ್ಕೆ ಪೂರ್ಣತೆ ಬರುವುದಿಲ್ಲ. ಒಂದು ಚದರ ಅಡಿ ನೆಲ ಸಿಕ್ಕರೂ ಸಾಕು, ಬಳ್ಳಿ ಗೋಡೆಯನ್ನೋ ಗೇಟಿನ ಕಮಾನನ್ನೋ ಹೂವಿನಿಂದ ಮುಚ್ಚಬಲ್ಲದು. ಆದರೂ ಹೂಬಳ್ಳಿ ನೆಟ್ಟ ಅನೇಕರಿಂದ ಒಂದೇ ಬಗೆಯ ದೂರುಗಳು ಕೇಳಿಬರುತ್ತವೆ: 'ಬಳ್ಳಿ ಕಂಬ ಹತ್ತುತ್ತಿಲ್ಲ', 'ಎಲೆ ಸೊಂಪಾಗಿದೆ, ಹೂವೇ ಇಲ್ಲ', 'ಪಕ್ಕದ ಮರವನ್ನೆಲ್ಲ ನುಂಗಿಹಾಕಿತು'. ಈ ಮೂರಕ್ಕೂ ಉತ್ತರ ಬಳ್ಳಿಯ ರಚನೆ ಮತ್ತು ಶರೀರಕ್ರಿಯೆಯಲ್ಲೇ ಇದೆ. ಅದನ್ನು ತಿಳಿದರೆ ಆರೈಕೆ ಸುಲಭವಾಗುತ್ತದೆ.

ಬಳ್ಳಿಯ ಮಿತವ್ಯಯ

ಸಸ್ಯಗಳಿಗೆ ಬೆಳಕೇ ಆಹಾರದ ಮೂಲ. ಕಾಡಿನಲ್ಲಿ ಬೆಳಕು ಇರುವುದು ಮೇಲೆ. ಮರವು ಅಲ್ಲಿಗೆ ತಲುಪಲು ವರ್ಷಗಟ್ಟಲೆ ಗಟ್ಟಿ ಕಾಂಡವನ್ನು ಕಟ್ಟುತ್ತದೆ. ಬಳ್ಳಿ ಆ ಖರ್ಚನ್ನು ಉಳಿಸಿ, ಇನ್ನೊಂದರ ಆಸರೆ ಪಡೆದು ಅದೇ ಎತ್ತರವನ್ನು ಬೇಗ ತಲುಪುತ್ತದೆ. ಅದರ ಕಾಂಡ ತೆಳು, ಗೆಣ್ಣುಗಳ ನಡುವಿನ ಅಂತರ ಉದ್ದ. ತೆಳುವಾದ ಈ ಕಾಂಡವೇ ಮೇಲಿನ ಅಷ್ಟೂ ಎಲೆಗಳಿಗೆ ನೀರು ಸಾಗಿಸಬೇಕು. ಆದ್ದರಿಂದ ಅನೇಕ ಬಳ್ಳಿಗಳ ಕ್ಸೈಲಂ ನಾಳಗಳು ಮರಗಳವಕ್ಕಿಂತ ಅಗಲವಾಗಿರುತ್ತವೆ.

ತೋಟಗಾರನಿಗೆ ಇದರಿಂದ ಎರಡು ಪಾಠಗಳಿವೆ. ಮೊದಲನೆಯದು, ಬಳ್ಳಿಗೆ ತನ್ನ ಭಾರ ಹೊರುವ ಶಕ್ತಿ ಇಲ್ಲ. ಆಸರೆಯನ್ನು ಗಿಡ ನೆಡುವ ದಿನವೇ ಒದಗಿಸಬೇಕು. ಎರಡನೆಯದು, ಬುಡದ ಕಾಂಡಕ್ಕೆ ಆದ ಒಂದು ಗಾಯ ಮೇಲಿನ ಇಡೀ ಹಂದರವನ್ನು ಒಣಗಿಸಬಲ್ಲದು. ಕಳೆ ತೆಗೆಯುವಾಗ ಕುಡುಗೋಲು ಬುಡಕ್ಕೆ ತಗಲದಂತೆ ನೋಡಿಕೊಳ್ಳಬೇಕು.

ಏರುವ ಬಗೆಗಳು

ಬಳ್ಳಿಗಳ ಏರುವಿಕೆಯನ್ನು ಕ್ರಮವಾಗಿ ಅಭ್ಯಸಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖರು. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ 1858ರಲ್ಲಿ ಬರೆದ ಕಿರು ಲೇಖನದಿಂದ ಪ್ರೇರಿತರಾಗಿ ಅವರು ನೂರಕ್ಕೂ ಹೆಚ್ಚು ಬಳ್ಳಿಗಳನ್ನು ಗಮನಿಸಿದರು. ಆ ಪ್ರಬಂಧ 1865ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿಯೂ 1875ರಲ್ಲಿ ಪುಸ್ತಕವಾಗಿಯೂ ಪ್ರಕಟವಾಯಿತು. ಅವರು ಗುರುತಿಸಿದ ಬಗೆಗಳು ಇಂದಿಗೂ ತೋಟಗಾರಿಕೆಗೆ ಉಪಯುಕ್ತ.

1. ಸುತ್ತುವ ಬಳ್ಳಿಗಳು: ಇವುಗಳ ಕಾಂಡವೇ ಆಸರೆಯನ್ನು ಸುತ್ತುತ್ತದೆ. ಶಂಖಪುಷ್ಪ, ಮಾರ್ನಿಂಗ್ ಗ್ಲೋರಿ, ಪಶ್ಚಿಮಘಟ್ಟಗಳ ಸಹಜ ನಿವಾಸಿಯಾದ ಥನ್‌ಬರ್ಜಿಯಾ ಮೈಸೂರೆನ್ಸಿಸ್ ಈ ಗುಂಪಿನವು. ಬೆಳೆಯುವ ತುದಿ ಗಾಳಿಯಲ್ಲಿ ವೃತ್ತಾಕಾರವಾಗಿ ತಿರುಗುತ್ತ ಆಸರೆಯನ್ನು ಅರಸುತ್ತದೆ. ಇದನ್ನು ಪರಿಭ್ರಮಣ ಚಲನೆ ಎನ್ನುತ್ತಾರೆ. ಡಾರ್ವಿನ್ ಗಮನಿಸಿದ ಹಾಪ್ ಬಳ್ಳಿ ಬೆಚ್ಚನೆಯ ಹಗಲಿನಲ್ಲಿ ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ ತೆಗೆದುಕೊಂಡಿತು. ಜಗತ್ತಿನ ಸುತ್ತುವ ಬಳ್ಳಿಗಳಲ್ಲಿ ಶೇಕಡ 90ಕ್ಕೂ ಹೆಚ್ಚಿನವು ಬಲಸುರುಳಿಯಾಗಿ, ಅಂದರೆ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ, ಸುತ್ತುತ್ತವೆಂದು 2007ರ ಅಧ್ಯಯನವೊಂದು ತೋರಿಸಿತು. ಉತ್ತರ ಗೋಳಾರ್ಧವೋ ದಕ್ಷಿಣ ಗೋಳಾರ್ಧವೋ ಎಂಬುದು ಇದನ್ನು ಬದಲಿಸುವುದಿಲ್ಲ.

2. ಲತಾತಂತು ಬಳ್ಳಿಗಳು: ಕೃಷ್ಣಕಮಲ ಉತ್ತಮ ಉದಾಹರಣೆ. ಇದರ ಎಲೆಯ ಕಂಕುಳಿನಿಂದ ದಾರದಂಥ ತಂತು ಹೊರಡುತ್ತದೆ. ತಂತು ಏನನ್ನಾದರೂ ತಾಕಿದಾಗ ತಾಕಿದ ಬದಿಗಿಂತ ಎದುರು ಬದಿ ಹೆಚ್ಚು ಬೆಳೆದು ಅದು ಬಾಗುತ್ತದೆ. ಇದೇ ಸ್ಪರ್ಶಾನುವರ್ತನೆ. ಹಿಡಿತ ಸಿಕ್ಕ ಮೇಲೆ ಉಳಿದ ಭಾಗ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಎರಡೂ ತುದಿ ಬಿಗಿಯಾಗಿರುವುದರಿಂದ ಅರ್ಧ ಸುರುಳಿ ಒಂದು ದಿಕ್ಕಿಗೂ ಅರ್ಧ ಇನ್ನೊಂದು ದಿಕ್ಕಿಗೂ ತಿರುಗಿರುತ್ತದೆ. ಗಾಳಿ ಬೀಸಿದಾಗ ಈ ಸ್ಪ್ರಿಂಗ್ ಹಿಗ್ಗಿ ಕುಗ್ಗಿ ಬಳ್ಳಿ ಹರಿಯದಂತೆ ಕಾಪಾಡುತ್ತದೆ.

3. ಎಲೆಯಿಂದ ಏರುವ ಬಳ್ಳಿಗಳು: ಅಗ್ನಿಶಿಖೆಯ ಎಲೆಯ ತುದಿಯೇ ಬಾಗಿ ಕೊಕ್ಕೆಯಾಗುತ್ತದೆ.

4. ಬೇರಿನಿಂದ ಅಂಟುವ ಬಳ್ಳಿಗಳು: ಕಾಳುಮೆಣಸು, ವೀಳ್ಯದೆಲೆಗಳಂತೆ ಗೆಣ್ಣುಗಳಲ್ಲಿ ಬೇರು ಬಿಟ್ಟು ಒರಟು ಮೇಲ್ಮೈಗೆ ಅಂಟುತ್ತವೆ. ಹೂಬಳ್ಳಿಗಳಲ್ಲಿ ತುತ್ತೂರಿ ಹೂವಿನ ಕ್ಯಾಂಪ್ಸಿಸ್ ಹೀಗೆ ಏರುತ್ತದೆ.

5. ಮುಳ್ಳಿನಿಂದ ಒರಗುವ ಬಳ್ಳಿಗಳು: ಬೋಗನ್‌ವಿಲ್ಲಾ ನಿಜವಾಗಿ ಸುತ್ತುವುದೂ ಇಲ್ಲ, ಅಂಟುವುದೂ ಇಲ್ಲ. ಉದ್ದ ಕೊಂಬೆಗಳನ್ನು ಚಾಚಿ ಮುಳ್ಳಿನಿಂದ ಸಿಕ್ಕಿಹಾಕಿಕೊಳ್ಳುತ್ತದೆ.

ಆಸರೆಯ ಆಯ್ಕೆ

'ಬಳ್ಳಿ ಕಂಬ ಹತ್ತುತ್ತಿಲ್ಲ' ಎಂಬ ದೂರಿಗೆ ಕಾರಣ ಈಗ ಸ್ಪಷ್ಟ. ಕೃಷ್ಣಕಮಲವನ್ನು ದಪ್ಪ ಕಾಂಕ್ರೀಟು ಕಂಬದ ಬುಡದಲ್ಲಿ ನೆಟ್ಟರೆ ಅದರ ತಂತುವಿಗೆ ಹಿಡಿಯಲು ಏನೂ ಇಲ್ಲ. ಅದಕ್ಕೆ ಬೇಕಾದದ್ದು ತಂತಿ, ಹುರಿ ಅಥವಾ ಬಲೆ. ಶಂಖಪುಷ್ಪದಂಥ ಸುತ್ತುವ ಬಳ್ಳಿಗೆ ನೆಟ್ಟಗೆ ನಿಲ್ಲಿಸಿದ ಬಿದಿರು ಕಡ್ಡಿಯೋ ಬಿಗಿಯಾಗಿ ಕಟ್ಟಿದ ಹುರಿಯೋ ಸರಿ. ಬೋಗನ್‌ವಿಲ್ಲಾ ಮತ್ತು ಮಲ್ಲಿಗೆಯ ಹಂಬುಗಳನ್ನು ನಾವೇ ಕಟ್ಟಿ ಏರಿಸಬೇಕಾಗುತ್ತದೆ. ಬಾಳೆನಾರು ಅಥವಾ ತೆಂಗಿನ ನಾರಿನ ಹಗ್ಗವನ್ನು ಇಂಗ್ಲಿಷಿನ 8ರ ಆಕಾರದಲ್ಲಿ, ಕಾಂಡಕ್ಕೂ ಆಸರೆಗೂ ನಡುವೆ ಹಾದುಹೋಗುವಂತೆ, ಸಡಿಲವಾಗಿ ಕಟ್ಟಬೇಕು. ತಂತಿಯಿಂದ ಬಿಗಿದು ಕಟ್ಟಿದರೆ ಕಾಂಡ ದಪ್ಪಗಾದಂತೆ ತಂತಿ ತೊಗಟೆಯೊಳಗೆ ಇಳಿದು ಫ್ಲೋಯಂ ಅಂಗಾಂಶವನ್ನು ಕತ್ತರಿಸುತ್ತದೆ. ಆಹಾರ ಬೇರಿಗೆ ತಲುಪದೆ ಗಿಡ ಸೊರಗುತ್ತದೆ.

ಬೇರಿನಿಂದ ಅಂಟುವ ಬಳ್ಳಿಗಳನ್ನು ಬಣ್ಣ ಬಳಿದ ಗೋಡೆಗೆ ಹಬ್ಬಿಸದಿರುವುದು ಲೇಸು. ಬಿರುಕಿನ ಗಾರೆಯೊಳಗೆ ಬೇರು ಸೇರಿದರೆ ಬಳ್ಳಿಯನ್ನು ಕಿತ್ತಾಗ ಗಾರೆಯೂ ಕಳಚಿ ಬರುತ್ತದೆ.

ನೆಡುವ ಕ್ರಮ

ನಮ್ಮಲ್ಲಿ ಮುಂಗಾರಿನ ಆರಂಭ ಬಳ್ಳಿ ನೆಡಲು ಸೂಕ್ತ ಕಾಲ. ಬಹುವಾರ್ಷಿಕ ಬಳ್ಳಿಗಳಿಗೆ ಸುಮಾರು 45ರಿಂದ 60 ಸೆ.ಮೀ. ಉದ್ದ, ಅಗಲ, ಆಳದ ಗುಂಡಿ ತೆಗೆದು ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಮರಳಿನ ಮಿಶ್ರಣ ತುಂಬಬೇಕು. ಗುಂಡಿ ಗೋಡೆಯಿಂದ ಕನಿಷ್ಠ 30 ಸೆ.ಮೀ. ದೂರವಿರಲಿ. ಗೋಡೆಯ ಬುಡದ ಮಣ್ಣಿಗೆ ಸೂರಿನಿಂದಾಗಿ ಮಳೆ ನೀರು ಬೀಳುವುದಿಲ್ಲ. ಸುಣ್ಣ, ಸಿಮೆಂಟಿನ ಚೂರು ಸೇರಿ ಅದು ಕ್ಷಾರೀಯವಾಗಿರುವುದೂ ಉಂಟು.

ಮಲ್ಲಿಗೆ ಮತ್ತು ಬೋಗನ್‌ವಿಲ್ಲಾಗಳನ್ನು ಮೂರು ನಾಲ್ಕು ಗೆಣ್ಣುಗಳಿರುವ, 15ರಿಂದ 20 ಸೆ.ಮೀ. ಉದ್ದದ ಬಲಿತ ಕಡ್ಡಿಗಳಿಂದ ಬೆಳೆಸಬಹುದು. ಹಂಬಿನ ಒಂದು ಗೆಣ್ಣನ್ನು ಮಣ್ಣಿನಲ್ಲಿ ಹೂತು ಬೇರು ಬರಿಸಿ, ಆಮೇಲೆ ತಾಯಿಬಳ್ಳಿಯಿಂದ ಬೇರ್ಪಡಿಸುವ ವಿಧಾನವೂ ಮಲ್ಲಿಗೆಗೆ ಒಗ್ಗುತ್ತದೆ. ಶಂಖಪುಷ್ಪದ ಬೀಜದ ಸಿಪ್ಪೆ ಗಟ್ಟಿ. ಮರಳು ಕಾಗದಕ್ಕೆ ಲಘುವಾಗಿ ತಿಕ್ಕಿ ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಬೇಗ ಮೊಳೆಯುತ್ತದೆ.

ಎಲೆಯುಂಟು, ಹೂವಿಲ್ಲ!

ಇದಕ್ಕೆ ಮುಖ್ಯ ಕಾರಣಗಳು ಮೂರು. ಮೊದಲನೆಯದು ನೆರಳು. ಹೆಚ್ಚಿನ ಹೂಬಳ್ಳಿಗಳಿಗೆ ದಿನಕ್ಕೆ ಆರು ಗಂಟೆಯಷ್ಟಾದರೂ ನೇರ ಬಿಸಿಲು ಬೇಕು. ಬುಡಕ್ಕೆ ನೆರಳಿದ್ದರೂ ತಲೆಗೆ ಬಿಸಿಲು ಸಿಗಬೇಕು. ಬುಡಕ್ಕೆ ಒಣ ತರಗಲೆಯ ಹೊದಿಕೆ ಹಾಕಿದರೆ ಬೇರು ತಂಪಾಗಿರುತ್ತದೆ.

ಎರಡನೆಯದು ಅತಿಯಾದ ಸಾರಜನಕ ಮತ್ತು ನೀರು. ಸಾರಜನಕ ಹೆಚ್ಚಾದರೆ ಎಲೆ, ಹಂಬುಗಳು ಬೆಳೆಯುತ್ತವೆ. ಹೂವು ಹಿಂದೆ ಬೀಳುತ್ತದೆ. ಯೂರಿಯಾ ಸುರಿಯುವ ಬದಲು ಕಾಂಪೋಸ್ಟ್, ಮೂಳೆ ಪುಡಿ ಮತ್ತು ಸ್ವಲ್ಪ ಬೂದಿ ಕೊಡುವುದು ಒಳ್ಳೆಯದು. ದಕ್ಷಿಣ ಅಮೆರಿಕ ಮೂಲದ ಬೋಗನ್‌ವಿಲ್ಲಾ ಮಣ್ಣು ಒಂದಿಷ್ಟು ಒಣಗಿದಾಗಲೇ ಚೆನ್ನಾಗಿ ಹೂ ಬಿಡುತ್ತದೆ. ದಿನವೂ ನೀರು ಹೊಯ್ದರೆ ಬರೀ ಎಲೆಯೇ. ಅಂದಹಾಗೆ, ನಾವು ಅದರ ಹೂವೆನ್ನುವ ಬಣ್ಣದ ಭಾಗ ಮಾರ್ಪಾಟಾದ ಎಲೆ. ನಿಜವಾದ ಹೂಗಳು ಅದರ ನಡುವೆ ಮೂರು ಪುಟ್ಟ ಕೊಳವೆಗಳಂತಿರುತ್ತವೆ. ವಿದ್ಯಾರ್ಥಿಗಳು ಇದನ್ನು ಬಿಡಿಸಿ ನೋಡಬೇಕು.

ಮೂರನೆಯದು ತುದಿ ಪ್ರಾಬಲ್ಯ. ಬೆಳೆಯುವ ತುದಿಯಲ್ಲಿ ತಯಾರಾಗುವ ಆಕ್ಸಿನ್ ಹಾರ್ಮೋನು ಕೆಳಗಿಳಿಯುತ್ತ, ಪಕ್ಕದ ಮೊಗ್ಗುಗಳು ಚಿಗುರದಂತೆ ತಡೆಯುತ್ತದೆ. ಬಳ್ಳಿಯನ್ನು ನೇರ ಮೇಲಕ್ಕೆ ಬಿಟ್ಟರೆ ಒಂದೇ ಹಂಬು ಬೆಳೆದು ಹೂವೆಲ್ಲ ಕೈಗೆಟುಕದ ತುದಿಯಲ್ಲಿ ಬಿಡುತ್ತದೆ. ಹಂಬನ್ನು ಅಡ್ಡಡ್ಡಲಾಗಿ ಬಾಗಿಸಿ ಕಟ್ಟಿದರೆ ಈ ಪ್ರಾಬಲ್ಯ ಸಡಿಲಗೊಂಡು ಗೆಣ್ಣು ಗೆಣ್ಣಿಗೂ ಚಿಗುರು, ಹೂವು ಬರುತ್ತವೆ. ತುದಿ ಚಿವುಟುವುದರ ಹಿಂದಿರುವ ತತ್ತ್ವವೂ ಇದೇ.

ಚಾಟನಿ ಯಾವಾಗ?

ಕತ್ತರಿ ಹಿಡಿಯುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಈ ಬಳ್ಳಿ ಹೂ ಬಿಡುವುದು ಹೊಸ ಚಿಗುರಿನಲ್ಲೋ ಹಳೆಯ ಕೊಂಬೆಯಲ್ಲೋ? ಮಲ್ಲಿಗೆಯದು ಹೊಸ ಚಿಗುರು. ಆದ್ದರಿಂದ ತಳಿಗೆ ತಕ್ಕಂತೆ ನವೆಂಬರ್ ಕೊನೆಯಿಂದ ಜನವರಿಯೊಳಗೆ ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರಕ್ಕೆ ಸವರಿ, ಗೊಬ್ಬರ ಮತ್ತು ನೀರು ಕೊಟ್ಟರೆ ಬೇಸಿಗೆಗೆ ಸೊಗಸಾದ ಮೊಗ್ಗು ಬರುತ್ತದೆ. ಬೋಗನ್‌ವಿಲ್ಲಾವನ್ನು ಹೂವಿನ ಸರದಿ ಮುಗಿದ ಕೂಡಲೇ ಸವರಬೇಕು. ಮೇಣದಂಥ ಹೂಗೊಂಚಲಿನ ಹೋಯಾ ಬಳ್ಳಿಯದು ಇದಕ್ಕೆ ವಿರುದ್ಧ: ಹೂ ಉದುರಿದ ಹಳೆಯ ತೊಟ್ಟಿನಲ್ಲೇ ಅದು ಮತ್ತೆ ಹೂ ಬಿಡುತ್ತದೆ. ಒಣಗಿತೆಂದು ತೊಟ್ಟು ಕತ್ತರಿಸಿದರೆ ಮುಂದಿನ ಹೂವನ್ನೇ ಕತ್ತರಿಸಿದಂತೆ.

ಹೂವಿಗೆ ಬರುವ ಅತಿಥಿಗಳು

ಹೂಬಳ್ಳಿ ಜೀವವಿಜ್ಞಾನದ ತೆರೆದ ಪಾಠ. ರಂಗೂನ್ ಬಳ್ಳಿಯ ಹೂವು ಸಂಜೆ ಬಿಳಿಯಾಗಿ ಅರಳಿ ಪತಂಗಗಳನ್ನು ಕರೆಯುತ್ತದೆ. ಮುಂದಿನ ದಿನಗಳಲ್ಲಿ ಗುಲಾಬಿಗೆ, ಕೆಂಪಿಗೆ ತಿರುಗಿ ಹಗಲಿನ ಜೇನ್ನೊಣ, ಚಿಟ್ಟೆಗಳನ್ನು ಸೆಳೆಯುತ್ತದೆ. ಥನ್‌ಬರ್ಜಿಯಾ ಮೈಸೂರೆನ್ಸಿಸ್‌ನ ಜೋತಾಡುವ ಹಳದಿ-ಕೆಂಗಂದು ಹೂಗಳಿಗೆ ಸೂರಕ್ಕಿಗಳು ಬರುತ್ತವೆ.

ಚಿಗುರಿನಲ್ಲಿ ಸಸ್ಯಹೇನು, ಹಿಟ್ಟು ತಿಗಣೆ ಕಂಡರೆ ಮೊದಲು ನೀರಿನ ರಭಸದಿಂದ ತೊಳೆಯಬೇಕು. ಹೆಚ್ಚಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪು ಕಲಸಿ ಸಂಜೆ ಸಿಂಪಡಿಸಬಹುದು. ಆದರೆ ಎಲೆ ತಿನ್ನುವ ಹುಳುವೆಲ್ಲ ಶತ್ರುವಲ್ಲ. ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಂಧುಗಳು ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳಿಗೆ ಆಹಾರ. ಈ ಬಳ್ಳಿಗಳಿಲ್ಲದೆ ಆ ಚಿಟ್ಟೆಯೂ ಇಲ್ಲ.

ನೋಡಿ ನೆಡಿ

ಇಲ್ಲಿ ಗಂಭೀರವಾದ ಎಚ್ಚರಿಕೆಯೊಂದಿದೆ. ದಕ್ಷಿಣ ಅಮೆರಿಕದ ಅರಿಸ್ಟೊಲೋಕಿಯಾ ಎಲಿಗನ್ಸ್ ಎಂಬ ಬಳ್ಳಿಯನ್ನು ಅದರ ವಿಚಿತ್ರ ಹೂವಿಗಾಗಿ ಅನೇಕ ದೇಶಗಳ ತೋಟಗಳಲ್ಲಿ ಬೆಳೆಸಿದರು. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಇದನ್ನು ತನ್ನ ಸ್ಥಳೀಯ ಬಳ್ಳಿಯೆಂದೇ ಭ್ರಮಿಸಿ ಮೊಟ್ಟೆಯಿಡುತ್ತದೆ. ಎಲೆ ತಿಂದ ಮರಿಹುಳು ಸಾಯುತ್ತದೆ. ನಮ್ಮ ದೇಶದ್ದೇ ಆದ ನೀಲಿ ಥನ್‌ಬರ್ಜಿಯಾ ಗ್ರ್ಯಾಂಡಿಫ್ಲೋರಾ ಕ್ವೀನ್ಸ್‌ಲೆಂಡಿನ ಕಾಡಂಚಿನಲ್ಲಿ ಮರಗಳನ್ನು ಮುಚ್ಚಿ ಕೆಡಹುವ ಕಳೆಯಾಗಿದೆ. ಒಂದೆಡೆಯ ಅಲಂಕಾರ ಇನ್ನೊಂದೆಡೆ ಪೀಡೆಯಾಗಬಹುದು. ಆದ್ದರಿಂದ ಕಾಡಿಗೆ ಹತ್ತಿರವಿರುವ ಊರುಗಳಲ್ಲಿ ಸ್ಥಳೀಯ ಬಳ್ಳಿಗಳಿಗೇ ಆದ್ಯತೆ ಇರಲಿ. ಕತ್ತರಿಸಿದ ವಿದೇಶಿ ಹಂಬುಗಳನ್ನು ಹಳ್ಳ, ಕಾಡಂಚಿಗೆ ಎಸೆಯಬಾರದು.

ವಿಷದ ವಿಚಾರವೂ ಮುಖ್ಯ. ತಮಿಳುನಾಡಿನ ರಾಜ್ಯಪುಷ್ಪವಾದ ಅಗ್ನಿಶಿಖೆಯ ಎಲ್ಲ ಭಾಗಗಳಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ವೈದ್ಯರು ಇದನ್ನು ಅತ್ಯಲ್ಪ ಪ್ರಮಾಣದಲ್ಲಿ ಗೌಟ್ ರೋಗಕ್ಕೆ ಕೊಡುತ್ತಾರೆ. ಆದರೆ ಗೆಡ್ಡೆಯನ್ನು ಗೆಣಸೆಂದು ತಿಂದರೆ ಪ್ರಾಣಕ್ಕೇ ಅಪಾಯ. ಈಶ್ವರಿ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್‌ಕಾರಕವೂ ಹೌದು. ಅದನ್ನು ಚಿಟ್ಟೆಗಾಗಿ ಬೆಳೆಸಬೇಕೇ ಹೊರತು ಮನೆಮದ್ದಿಗಾಗಿ ಅಲ್ಲ. ಪುಟ್ಟ ಮಕ್ಕಳಿರುವ ಶಾಲೆಯಲ್ಲಿ ಅಗ್ನಿಶಿಖೆ ಬೇಡ. ಬೇರೆಡೆ ಬೆಳೆಸಿದರೂ ಬೇಲಿ ಮತ್ತು ಹೆಸರಿನ ಫಲಕ ಇರಲೇಬೇಕು.

ಮಾಡಿ ನೋಡಿ

ಶಾಲೆಗೆ ಶಂಖಪುಷ್ಪ ಹೇಳಿಮಾಡಿಸಿದ ಬಳ್ಳಿ. ಇದು ದ್ವಿದಳ ಸಸ್ಯವಾದ್ದರಿಂದ ಬೇರಿನಲ್ಲಿ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾಗಳ ಗಂಟುಗಳಿರುತ್ತವೆ. ಹೆಚ್ಚು ಗೊಬ್ಬರ ಬೇಡುವುದಿಲ್ಲ.

ಪ್ರಯೋಗ 1: ಕುಂಡದಲ್ಲಿರುವ ಎಳೆಯ ಬಳ್ಳಿಯ ಮೇಲೆ ಗಾಜಿನ ಹಾಳೆಯನ್ನು ಅಡ್ಡವಾಗಿ ಇಡಿ. ಪ್ರತಿ 15 ನಿಮಿಷಕ್ಕೊಮ್ಮೆ ಅದೇ ಜಾಗದಿಂದ ನೋಡಿ, ತುದಿ ಇರುವ ಸ್ಥಾನವನ್ನು ಗಾಜಿನ ಮೇಲೆ ಗುರುತಿಸಿ ವೇಳೆ ಬರೆಯಿರಿ. ಚುಕ್ಕೆಗಳನ್ನು ಸೇರಿಸಿದರೆ ಪರಿಭ್ರಮಣದ ಪಥ, ದಿಕ್ಕು, ಅವಧಿ ಮೂರೂ ತಿಳಿಯುತ್ತವೆ. ಬೆಚ್ಚನೆಯ ದಿನಕ್ಕೂ ತಂಪು ದಿನಕ್ಕೂ ಹೋಲಿಸಿ.

ಪ್ರಯೋಗ 2: ನಾಲ್ಕೈದು ನೀಲಿ ಹೂಗಳನ್ನು ಬಿಸಿನೀರಿನಲ್ಲಿ ಹಾಕಿ ಸೋಸಿ, ಮೂರು ಪ್ರನಾಳಗಳಿಗೆ ಹಾಕಿ. ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಸುಣ್ಣದ ತಿಳಿನೀರು ಸೇರಿಸಿ, ಮೂರನೆಯದನ್ನು ಹಾಗೆಯೇ ಬಿಡಿ. ಆಂಥೋಸಯನಿನ್ ವರ್ಣಕವು ಆಮ್ಲದಲ್ಲಿ ನೇರಳೆ-ಕೆಂಪಿಗೆ, ಪ್ರತ್ಯಾಮ್ಲದಲ್ಲಿ ಹಸಿರಿಗೆ ತಿರುಗುತ್ತದೆ. ಲಿಟ್ಮಸ್ ಕಾಗದ ಕೊಳ್ಳಲಾಗದ ಶಾಲೆಯ ಬೇಲಿಯಲ್ಲೂ ಒಂದು ಸೂಚಕ ವರ್ಷದ ಬಹುಕಾಲ ಅರಳಿರುತ್ತದೆ. ಬೇಕಾದದ್ದು ಒಂದು ಹಿಡಿ ಬೀಜ, ಕೆಲವು ಬಿದಿರು ಕಡ್ಡಿ ಮತ್ತು ದಿನವೂ ಗಮನಿಸುವ ಕಣ್ಣು.