ಅಂಗಳದ ಛತ್ರಿಗೆ ಮೂರೂವರೆ ಗಂಟೆಯ ಪರೀಕ್ಷೆ

ಸಿರಸಂಗಿಯ ಕಾಳಿಕಾದೇವಿಯ ಜಾತ್ರೆ ನಡೆಯುವುದು ಯುಗಾದಿಗೆ. ವಿಶ್ವಕರ್ಮ ಸಮಾಜದವರೂ ಸೇರಿದಂತೆ ನಾನಾ ಊರುಗಳ ಭಕ್ತರು ಸವದತ್ತಿ ತಾಲೂಕಿನ ಈ ಊರಿಗೆ ಬರುವ ಹೊತ್ತಿಗೆ ಬಯಲುಸೀಮೆಯ ಬಿಸಿಲೂ ಬಲಿತಿರುತ್ತದೆ. ಮನೆ ತುಂಬ ಬೀಗರು, ನೆಂಟರು. ಪಡಸಾಲೆ ಸಾಲದೆ ಊಟ, ಹರಟೆ, ಹಿರಿಯರ ಮಧ್ಯಾಹ್ನದ ನಿದ್ದೆ ಎಲ್ಲವೂ ಅಂಗಳಕ್ಕೆ ಇಳಿಯುತ್ತವೆ. ಅಂಗಳಕ್ಕೆ ನೆರಳು ಬೇಕೇಬೇಕು. ಹಿಂದೆ ಈ ಬೇಡಿಕೆಗೆ ಇದ್ದ ಉತ್ತರ ಹಂದರ. ಈಗ ಪೇಟೆಯಿಂದ ದೊಡ್ಡ ಛತ್ರಿಯೊಂದನ್ನು ತಂದು ನೆಡುವವರೂ ಇದ್ದಾರೆ. ಅದನ್ನು ಬಣ್ಣ, ಬೆಲೆ, ಅಗಲ ನೋಡಿ ಕೊಳ್ಳುವುದು ರೂಢಿ. ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಛತ್ರಿ ಎಂದರೆ ಮಳೆಯೇ ನೆನಪಾಗುವುದು ಇತ್ತೀಚಿನ ಅಭ್ಯಾಸ. ಸಂಸ್ಕೃತದಲ್ಲಿ ಅದಕ್ಕಿರುವ ಒಂದು ಹೆಸರು ಆತಪತ್ರ, ಅಂದರೆ ಬಿಸಿಲಿನಿಂದ ಕಾಯುವುದು. ಇಂಗ್ಲಿಷಿನ ಅಂಬ್ರೆಲಾ ಎಂಬ ಪದದ ಮೂಲವೂ ನೆರಳು ಎಂಬರ್ಥದ ಲ್ಯಾಟಿನ್ ಮಾತು. ಅರಸರ ಶ್ವೇತಚ್ಛತ್ರ, ದೇವರ ಉತ್ಸವದ ಸತ್ತಿಗೆ, ಸಾಂಚಿಯ ಸ್ತೂಪದ ತುದಿಯಲ್ಲಿರುವ ಕಲ್ಲಿನ ಕೊಡೆಗಳು, ಇವೆಲ್ಲ ನೆರಳಿನ ಗೌರವದಿಂದ ಹುಟ್ಟಿದವು. 1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಎಂಬಾತ ಹಗುರವಾದ ಉಕ್ಕಿನ ಕಡ್ಡಿಗಳ ಚೌಕಟ್ಟಿಗೆ ಹಕ್ಕುಪತ್ರ ಪಡೆದ. ಅರಸೊತ್ತಿಗೆಯ ಲಾಂಛನ ಜನಸಾಮಾನ್ಯರ ಕಂಕುಳಿಗೆ ಬರಲು ಇಂಥ ಚೌಕಟ್ಟುಗಳು ದಾರಿ ಮಾಡಿದವು.

ಅರಸನ ಕೊಡೆಗೂ ಅಂಗಳದ ಕೊಡೆಗೂ ಒಂದು ದೊಡ್ಡ ವ್ಯತ್ಯಾಸವುಂಟು. ಅರಸನ ಕೊಡೆಯನ್ನು ಹಿಡಿಯಲು ಒಬ್ಬ ಆಳಿರುತ್ತಿದ್ದ. ಸೂರ್ಯ ವಾಲಿದತ್ತ ಅವನು ಕೊಡೆಯನ್ನೂ ವಾಲಿಸುತ್ತಿದ್ದ. ಅಂಗಳದ ಕೊಡೆ ನೆಟ್ಟಲ್ಲೇ ನಿಲ್ಲುತ್ತದೆ. ತೊಡಕು ಇರುವುದು ಅಲ್ಲಿಯೇ.

ಸಿರಸಂಗಿಯ ಸೀಮೆಯಲ್ಲಿ ಗಡಿಯಾರದ ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬಂದಿರುವುದಿಲ್ಲ. ದೇಶದ ಗಡಿಯಾರವನ್ನು ಇನ್ನೂ ಪೂರ್ವಕ್ಕಿರುವ ರೇಖಾಂಶಕ್ಕೆ ಹೊಂದಿಸಿರುವುದರಿಂದ ಯುಗಾದಿಯ ಸುಮಾರಿಗೆ ಇಲ್ಲಿ ನಿಜವಾದ ನಡುಹಗಲು ಆಗುವುದು ಹನ್ನೆರಡೂವರೆ ದಾಟಿದ ಮೇಲೆ. ಆಗ ಛತ್ರಿಯ ನೆರಳು ಹೆಚ್ಚುಕಡಿಮೆ ಅದರ ಕಾಲಡಿಯಲ್ಲೇ ಇರುತ್ತದೆ. ಆ ಹೊತ್ತಿನಲ್ಲಿ ಎಂಥ ಛತ್ರಿಯೂ ಒಳ್ಳೆಯ ಛತ್ರಿಯೇ. ಆದರೆ ಊಟ ಮುಗಿದು ಹೊರಸು ಹಾಸುವುದು ಅನಂತರ. ಮೂರೂವರೆಯ ಹೊತ್ತಿಗೆ ಸೂರ್ಯ ಪಶ್ಚಿಮಕ್ಕೆ ಅರ್ಧದಷ್ಟು ಇಳಿದಿರುತ್ತಾನೆ. ಆಗ ಕಂಬ ಎಷ್ಟು ಎತ್ತರವೋ ಸುಮಾರು ಅಷ್ಟೇ ದೂರಕ್ಕೆ ನೆರಳು ಪೂರ್ವದತ್ತ ಸರಿದಿರುತ್ತದೆ.

ಇದರ ಲೆಕ್ಕ ಹಾಕಿದರೆ ಸೋಜಿಗವಾಗುತ್ತದೆ. ಎಂಟು ಅಡಿ ಅಗಲದ, ಏಳು ಅಡಿ ಎತ್ತರದ ಛತ್ರಿಯೊಂದನ್ನು ತೆಗೆದುಕೊಳ್ಳೋಣ. ಕಂಬದಿಂದ ಅಂಚಿಗೆ ನಾಲ್ಕು ಅಡಿ. ಮೂರೂವರೆಗೆ ನೆರಳಿನ ನಡುಭಾಗ ಕಂಬದಿಂದ ಏಳು ಅಡಿ ಪೂರ್ವಕ್ಕೆ ಬಿದ್ದಿರುತ್ತದೆ. ನೆರಳು ಶುರುವಾಗುವುದೇ ಮೂರು ಅಡಿ ಆಚೆಗೆ. ಕಂಬಕ್ಕೆ ಒತ್ತಿ ಹೊರಸು ಹಾಕಿದ ಅಜ್ಜ ಬಿಸಿಲಿನಲ್ಲಿ, ಎಂಟು ಅಡಿ ದೂರದಲ್ಲಿ ಕಟ್ಟಿದ ಕರು ನೆರಳಿನಲ್ಲಿ! ಛತ್ರಿ ಸಣ್ಣದಾಯಿತೆಂದು ಮನೆಯವರು ಇನ್ನೂ ದೊಡ್ಡದನ್ನು ತರಲು ಹೊರಡುತ್ತಾರೆ.

ದೊಡ್ಡದು ತಂದರೆ ಗಾಳಿಯ ಕಾಟ. ಎಂಟು ಅಡಿ ಅಗಲದ ಛತ್ರಿಯ ಹರವು ಸುಮಾರು 50 ಚದರಡಿ, ಹತ್ತು ಅಡಿಯದಕ್ಕೆ 78. ಅಗಲ ಕಾಲುಭಾಗ ಹೆಚ್ಚಿದರೆ ಗಾಳಿಗೆ ಸಿಗುವ ಬಟ್ಟೆ ಒಂದೂವರೆ ಪಟ್ಟು ಮೀರುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಮುಂಚೆ ಏಳುವ ಬಿರುಗಾಳಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಬ ಒಂದು ಬದಿಗಿದ್ದು ಛತ್ರಿ ತೋಳಿನಿಂದ ತೂಗುವ ಹೊಸ ಮಾದರಿಗಳು ನೋಡಲು ಚೆಂದ, ಹೊರಸಿಗೆ ಕಂಬ ಅಡ್ಡಬಾರದ ಅನುಕೂಲವೂ ಉಂಟು. ಆದರೆ ಭಾರವೆಲ್ಲ ಒಂದೇ ಕಡೆ ಬೀಳುವುದರಿಂದ ಅವುಗಳ ಬುಡಕ್ಕೆ ಹೆಚ್ಚು ತೂಕ ಬೇಕು. ಬಯಲಿಗೆ ತೆರೆದ ಅಂಗಳಕ್ಕೆ ನಡುಗಂಬದ ಛತ್ರಿಯೇ ವಾಸಿ. ಸಂತೆಯ ವ್ಯಾಪಾರಿಗಳನ್ನು ನೋಡಿದರೆ ಸಾಕು. ಅವರು ಗಾಳಿ ಎದ್ದೊಡನೆ ಮೊದಲು ಛತ್ರಿ ಮಡಚುತ್ತಾರೆ, ಸರಕು ಆಮೇಲೆ.

ಕೊಳ್ಳುವಾಗ ನೋಡಬೇಕಾದ ಮುಖ್ಯ ಸಂಗತಿ, ಕಂಬದ ಕುತ್ತಿಗೆ ಬಾಗುತ್ತದೆಯೇ ಎಂಬುದು. ಬಾಗುವ ಛತ್ರಿಯನ್ನು ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ವಾಲಿಸಿದರೆ ಅರಸನ ಆಳಿನ ಕೆಲಸವನ್ನು ಅದೇ ಮಾಡುತ್ತದೆ. ನೆತ್ತಿಯಲ್ಲಿ ಕಿಂಡಿ ಬಿಟ್ಟು ಮೇಲೊಂದು ಚಿಕ್ಕ ಟೋಪಿ ಹೊಲಿದಿದ್ದರೆ ಇನ್ನೂ ಒಳ್ಳೆಯದು. ಕೆಳಗೆ ಕೂಡಿಕೊಳ್ಳುವ ಬಿಸಿಗಾಳಿ ಅಲ್ಲಿಂದ ಹೊರಬೀಳುತ್ತದೆ, ಬಿರುಗಾಳಿಯ ರಭಸವೂ ಅಷ್ಟು ತಗ್ಗುತ್ತದೆ. ಬಟ್ಟೆ ದಟ್ಟ ನೇಯ್ಗೆಯದಾಗಿರಲಿ. ತೆಳು ಬಿಳಿ ಬಟ್ಟೆಯಲ್ಲಿ ಬೆಳಕು ಸೋರುತ್ತದೆ. ಬರೀ ಕಪ್ಪು ಬಟ್ಟೆ ಬಿಸಿಲನ್ನು ಹೀರಿ ತಾನೇ ಕಾದು, ಕೆಳಗೆ ಕುಳಿತವರ ಮೇಲೆ ಶಾಖ ಬಿಡುತ್ತದೆ. ಮೇಲೆ ತಿಳಿಬಣ್ಣ, ಒಳಗೆ ಗಾಢ ಬಣ್ಣ ಇರುವುದು ಕಣ್ಣಿಗೂ ಹಿತ. ಕಂಪನಿಗಳ ಜಾಹೀರಾತು ಹೊತ್ತ ಅಗ್ಗದ ಛತ್ರಿಗಳ ಬಗ್ಗೆ ಹೇಳುವುದೇನೂ ಇಲ್ಲ, ಅವು ಜಾಹೀರಾತಿಗೆಂದೇ ಹುಟ್ಟಿದವು.

ಈ ಎಲ್ಲ ಜಾಣತನವೂ ಹಂದರದಲ್ಲಿ ಮೊದಲೇ ಇತ್ತು ಎಂದರೆ ಅತಿಶಯೋಕ್ತಿಯಲ್ಲ. ನಾಲ್ಕು ಗೂಟ, ಮೇಲೆ ಅಡ್ಡಗಳ, ಅದರ ಮೇಲೆ ಜೋಳದ ಕಣಿಕೆ ಇಲ್ಲವೆ ಬೇವಿನ ತೊಪ್ಪಲು. ಸೊಪ್ಪಿನ ಸಂದುಗಳಿಂದ ಗಾಳಿ ಆಡುತ್ತದೆ, ಬಿಸಿ ನಿಲ್ಲುವುದಿಲ್ಲ. ಪಶ್ಚಿಮದ ಬದಿಗೆ ಒಂದು ತಟ್ಟಿಯನ್ನೋ ಹಳೆಯ ಗೋಣಿಯನ್ನೋ ಇಳಿಬಿಟ್ಟರೆ ಸಂಜೆಯ ಓರೆ ಬಿಸಿಲಿಗೂ ತಡೆ. ಮದುವೆ ಮನೆಯಲ್ಲಿ ಹಂದರಗಂಬಕ್ಕೆ ಪೂಜೆ ಸಲ್ಲುವುದು ಶಾಸ್ತ್ರಕ್ಕಾಗಿಯೇ ಇರಬಹುದು, ಆದರೆ ಬೇಸಿಗೆಯ ಮದುವೆಯ ಹಂದರದಡಿ ಕುಳಿತವರಿಗೆ ಅದು ಸಕಾರಣವಾಗಿಯೇ ಕಾಣುತ್ತದೆ. ಹಂದರದ ಬದಲು ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿದವರಿಗೆ ನೆರಳು ಸಿಕ್ಕಿತು, ತಂಪು ಸಿಗಲಿಲ್ಲ. ಗಾಳಿ ಹಾಯದ ಹಾಳೆ ಕಾದು ಕೆಳಗಿನ ಸೆಕೆಯನ್ನು ಹಿಡಿದಿಡುತ್ತದೆ.

ಅಂಗಳವೂ ಬದಲಾಗಿದೆ. ಸೆಗಣಿ ಸಾರಿಸಿದ ನೆಲದ ಜಾಗಕ್ಕೆ ಸಿಮೆಂಟು, ಫರಸಿಕಲ್ಲು ಬಂದಿವೆ. ಇವು ಮಧ್ಯಾಹ್ನವೆಲ್ಲ ಬಿಸಿಲು ಕುಡಿದು ದೀಪ ಹಚ್ಚುವ ಹೊತ್ತಿನವರೆಗೂ ಕಕ್ಕುತ್ತವೆ. ಮೂರೂವರೆಗೆ ಛತ್ರಿ ಬಿಚ್ಚಿದರೆ ಮೇಲಿನ ಬಿಸಿಲು ತಪ್ಪೀತು, ಕೆಳಗಿನ ಕಾವು ತಪ್ಪದು. ಆದ್ದರಿಂದ ಕೂರುವ ಜಾಗದ ಮೇಲೆ ಹನ್ನೊಂದರಿಂದಲೇ ನೆರಳಿರಬೇಕು. ಜಾಗವಿದ್ದವರು ಪಶ್ಚಿಮಕ್ಕೊಂದು ಬೇವಿನ ಸಸಿ ನೆಡುವುದೂ ಮೇಲು. ಎಲೆಗಳು ನೀರನ್ನು ಆವಿಯಾಗಿಸಿ ಸುತ್ತಲ ಗಾಳಿಯನ್ನು ತಂಪುಮಾಡುತ್ತವೆ, ಯಾವ ಬಟ್ಟೆಗೂ ಆ ವಿದ್ಯೆ ಬಾರದು. ಯುಗಾದಿಯ ಸುಮಾರಿಗೆ ಬೇವು ಹೊಸ ಚಿಗುರು ಹೊದ್ದಿರುತ್ತದೆ. ಮರ ಬೆಳೆಯುವವರೆಗೆ ಛತ್ರಿ ಇರಲಿ.

ಕೊಳ್ಳುವ ಮೊದಲು ಒಂದು ಪರೀಕ್ಷೆಗೆ ಖರ್ಚಿಲ್ಲ. ಛತ್ರಿಯಷ್ಟೇ ಎತ್ತರದ ಬಿದಿರಿನ ಗಳವೊಂದನ್ನು ಅಂಗಳದಲ್ಲಿ ನಿಲ್ಲಿಸಿ, ಮೂರೂವರೆಗೆ ಅದರ ತುದಿಯ ನೆರಳು ಬಿದ್ದಲ್ಲಿ ಸುಣ್ಣದಿಂದ ಗುರುತು ಮಾಡಬೇಕು. ನೆರಳಿನ ನಡು ಅದೇ. ಹೊರಸು ಇರುವ ಜಾಗಕ್ಕೆ ಆ ಗುರುತು ಬರುವಂತೆ ಗಳವನ್ನು ಪಶ್ಚಿಮಕ್ಕೆ ಸರಿಸಿದರೆ ಕಂಬದ ಕುಳಿ ಎಲ್ಲಿ ತೋಡಬೇಕೆಂಬುದು ತಿಳಿಯುತ್ತದೆ. ಮೇ ಮೊದಲ ವಾರದಲ್ಲಿ ಒಂದು ದಿನ ಈ ಸೀಮೆಯಲ್ಲಿ ಸೂರ್ಯ ನೇರ ನೆತ್ತಿಗೆ ಬಂದು ನಡುಹಗಲಿನಲ್ಲಿ ಗಳದ ನೆರಳೇ ಕಾಣೆಯಾಗುತ್ತದೆ; ಡಿಸೆಂಬರಿನಲ್ಲಿ ಅದೇ ಏಳಡಿಯ ಗಳ ನಡುಹಗಲಿಗೆ ಉತ್ತರಕ್ಕೆ ಆರು ಅಡಿಯ ಹತ್ತಿರ ನೆರಳು ಚಾಚುತ್ತದೆ. ಚಳಿಗಾಲದ ಮಧ್ಯಾಹ್ನವೂ ಅಂಗಳದಲ್ಲೇ ಊಟ ಎನ್ನುವವರು ದಕ್ಷಿಣದ ಕಡೆಗೆ ಇನ್ನೊಂದು ಕುಳಿ ತೋಡಿಟ್ಟುಕೊಳ್ಳಬೇಕಾಗುತ್ತದೆ.