ಗೋದಲಿ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಸಭಾಪಾಲಕರ ಮನೆಯ ಬಾಗಿಲಿಗೆ ಅಗುಳಿ ಬೀಳುವ ಪ್ರಸಂಗವೇ ಇಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಆಗಮನಕಾಲವೆಂದು ಹೆಸರು. ಮೌನವಾಗಿ ಕಾದಿರಬೇಕಾದ ಕಾಲವದು. ಆದರೆ ಸಭೆಯ ಕೆಲಸಗಾರರ ಪಾಲಿಗೆ ವರ್ಷದಲ್ಲಿ ಅದರಷ್ಟು ಗದ್ದಲದ ಕಾಲ ಮತ್ತೊಂದಿಲ್ಲ. ಮಕ್ಕಳ ನಾಟಕದ ತಾಲೀಮು, ಗಾಯನ ಮಂಡಳಿಯ ಅಭ್ಯಾಸ, ಮನೆಮನೆಗೆ ಹಾಡುತ್ತ ಹೋಗುವ ತರುಣರ ತಂಡ, ಕಂಬಳಿ ಹಂಚುವ ಲೆಕ್ಕ, ಬಿದಿರುಕಡ್ಡಿಗೆ ಕಾಗದ ಅಂಟಿಸಿ ಮಾಡುವ ನಕ್ಷತ್ರದೀಪ, ಎಲ್ಲವೂ ಒಮ್ಮೆಗೇ ಮೈಮೇಲೆ ಬರುತ್ತವೆ.

ನಾನು ದಕ್ಷಿಣ ಕನ್ನಡದವನು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದೆ. ಉಳಿದ ಬಾಳಿನಲ್ಲಿ ಎರಡು ವರ್ಷವನ್ನಾದರೂ ಸೇವೆಗೆ ಕೊಡೋಣವೆಂದು ನಾನೂ ನನ್ನ ಮಡದಿಯೂ 2022ರಲ್ಲಿ ಧಾರವಾಡ ಸೀಮೆಯ ಒಂದು ಸಭೆಗೆ ಬಂದೆವು. ಸಂಬಳವಿಲ್ಲ, ಇರುವುದಕ್ಕೆ ಒಂದು ಕೋಣೆ, ಕರೆಯುವುದಕ್ಕೆ ‘ಹಿರಿಯ ಮಿಷನರಿ’ ಎಂಬ ಹೆಸರು.

ಆ ಹೆಸರಿಗೆ ನಾನು ಒಳಗೊಳಗೇ ಉಬ್ಬಿದ್ದೆನೆಂದು ಒಪ್ಪಿಕೊಳ್ಳಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೆಲಸ ತೊಡಗಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು ಕನ್ನಡ ಛಂದಸ್ಸನ್ನು ಕಲಿತು, ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ಯೆಂಬ ಪದ್ಯಗ್ರಂಥವಾಗಿಸಿ 1862ರಲ್ಲಿ ಪ್ರಕಟಿಸಿದರು. ಐವತ್ತು ದಾಟಿದ ಮೇಲೆ ಜರ್ಮನಿಯಿಂದ ಮರಳಿ ಬಂದು, ಸುಮಾರು 70,000 ಶಬ್ದಗಳ ತಮ್ಮ ನಿಘಂಟಿನ ಕೆಲಸದಲ್ಲಿ ಸವೆದರು. 1894ರಲ್ಲಿ ಅದು ಅಚ್ಚಾಯಿತು. 1903ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಒಂದು ವಾರವಿರುವಾಗ, ಅವರು ತೀರಿಕೊಂಡರು. ಅಂಥವರ ಸಾಲಿನ ತುದಿಯಲ್ಲಿ ಈ ನಿವೃತ್ತ ಕನ್ನಡ ಪಂಡಿತನಿಗೂ ಗೇಣು ಜಾಗ ಸಿಕ್ಕಬಾರದೆ? ಕ್ರಿಸ್ಮಸ್ ದಿನದ ಪ್ರಸಂಗವನ್ನು ನನಗೇ ವಹಿಸುವರೆಂದು ನಂಬಿ ಟಿಪ್ಪಣಿಗಳನ್ನು ಕೂಡ ಬರೆದಿಟ್ಟುಕೊಂಡಿದ್ದೆ.

ನನಗೆ ದೊರೆತದ್ದು ಪ್ರಸಂಗವಲ್ಲ, ಒಂದು ಪಟ್ಟಿ. ಮನೆ ಬಿಟ್ಟು ಆರಾಧನೆಗೆ ಬರಲಾಗದ ವೃದ್ಧರ, ರೋಗಿಗಳ ಇಪ್ಪತ್ತಮೂರು ಹೆಸರುಗಳು. “ತರುಣರಿಗೆ ಬಿಡುವಿಲ್ಲ, ಮಾಸ್ತರೇ; ಇದು ನಿಮ್ಮಂಥ ಹಿರಿಯರಿಗೇ ಸರಿ” ಎಂದರು ಸಭಾಪಾಲಕರು. ಮುಖ ಬಾಡದಂತೆ ನೋಡಿಕೊಂಡು ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ.

ಡಿಸೆಂಬರ್ 20ರಂದು ಒಂದೇ ಹಳ್ಳಿಯಲ್ಲಿ ಐದು ಮನೆಗಳಿದ್ದವು. ಬಸ್ಸಿಳಿದಾಗ ಎರೆಹೊಲಗಳಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ನಾಲ್ಕೂವರೆಯ ಬಸ್ಸಿಗೆ ಹಿಂದಿರುಗಬೇಕು. ಆರಕ್ಕೆ ಮಕ್ಕಳ ತಾಲೀಮು. ಮನೆಗೆ ಇಷ್ಟಿಷ್ಟು ನಿಮಿಷವೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೊದಲ ಮನೆ ಲೆಕ್ಕದಂತೆ ಮುಗಿಯಿತು. ಎರಡನೆಯದರಲ್ಲಿ ಎಂಬತ್ತೈದರ ಆಸುಪಾಸಿನ ಒಬ್ಬ ಮುದುಕಿ. ಎರಡು ಕಣ್ಣುಗಳೂ ಹೋಗಿದ್ದವು. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ತೆರೆದು ಓದತೊಡಗಿದೆ. ಅರ್ಧಕ್ಕೆ ಅವಳು ಕೈಯೆತ್ತಿ ತಡೆದಳು.

“ಹಿಂಗ ಓಡಿಸಿಕೋತ ಹೋದ್ರ ಆ ಕುರುಬರು ಬೇತ್ಲೆಹೇಮ ಮುಟ್ಟೂದು ಹ್ಯಾಂಗ್ರೀ ಮಾಸ್ತರ? ನಡಕೋತ ಹೊಂಟವರು ಅವರು.”

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ‘ನಿಧಾನವಾಗಿ ಓದು’ ಎಂದು ಗದರಿಸಿದವನು ನಾನು. ನಾಚಿ, ಮತ್ತೆ ಮೊದಲಿನಿಂದ ಓದಿದೆ. ‘ಗೋದಲಿ’ ಎಂಬ ಮಾತು ಬಂದಾಗ ಅವಳು ಕೇಳಿದಳು: “ನಿಮ್ಮ ಕಡೆ ಗ್ವಾದಲಿ ಇರ್ತಾವೇನ್ರೀ?”

ನಾನು ಬೆಳೆದ ಮನೆಯಲ್ಲಿ ಹಸುವಿಗೆ ಅಕ್ಕಚ್ಚು ಇಡುತ್ತಿದ್ದುದು ಮರಿಗೆಯಲ್ಲಿ. ಗೋದಲಿಯೆಂದರೆ ನನಗೆ ಗೊತ್ತಿದ್ದುದು ಕ್ರಿಸ್ಮಸ್ಸಿಗೆ ಕಟ್ಟುವ ಅಲಂಕಾರ ಮಾತ್ರ: ಹತ್ತಿಯ ಹಿಮ, ಬಣ್ಣದ ಕಾಗದ, ಮಣ್ಣಿನ ಗೊಂಬೆಗಳು. ಹಾಗೆಂದೊಡನೆ ಅವಳು ನಕ್ಕು, ನನ್ನ ಕೈ ಹಿಡಿದು, ಗೋಡೆ ಸವರುತ್ತ ಎದ್ದಳು. ಆ ಸೀಮೆಯ ಹಳೆಯ ಮಣ್ಣಿನ ಮನೆ ಅದು. ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ನೆಲ, ಅದರಾಚೆ ಎತ್ತರದಲ್ಲಿ ಮನೆಮಂದಿಯ ಪಡಸಾಲೆ. ಎರಡರ ನಡುವಣ ಅಂಚಿನಲ್ಲಿತ್ತು ಗೋದಲಿ. ಪ್ಯಾಲೆಸ್ತೀನಿನ ಹಳೆಯ ರೈತಮನೆಗಳಲ್ಲಿಯೂ ಒಂದೇ ಸೂರಿನಡಿ ದನಗಳಿಗೆ ತಗ್ಗಿನ ನೆಲವೂ ಜನರಿಗೆ ಎತ್ತರದ ಜಗಲಿಯೂ ಇರುತ್ತಿದ್ದವೆಂದು ವಿದ್ವಾಂಸರು ಬರೆದುದನ್ನು ಓದಿದ್ದೆ. ಓದಿದ್ದು ಕೈಗೆ ತಾಗಿದ್ದು ಅಂದೇ. ಗೋದಲಿಯ ಅಂಚು ಗಾಜಿನಂತೆ ನುಣುಪಾಗಿತ್ತು.

“ಎತ್ತಿನ ಕೊರಳು ತಿಕ್ಕಿ ತಿಕ್ಕಿ ಹಿಂಗಾಗೇತಿ. ನಮ್ಮ ಮಾವನ ಕಾಲದ್ದು. ನನ್ನ ಕೂಸುಗಳನ್ನೂ ಇದರಾಗ ಮಲಗಿಸೇನಿ. ಹೊಟ್ಟು ಹಾಸಿ ಮ್ಯಾಲ ಕೌದಿ ಹಾಕಿದ್ರ ಬೆಚ್ಚಗಿರತೈತಿ; ದನದ ಉಸಿರು ಬಡೀತಿರತೈತಿ.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಛತ್ರದಾಗ ಜಾಗಾ ಇರಲಿಲ್ಲಂತ ಮಂದಿ ಮರುಗತಾರ. ದನಾ ತನ್ನ ಉಣ್ಣೂ ಜಾಗಾ ಬಿಟ್ಟುಕೊಟ್ಟಿದ್ದು ಯಾರೂ ಹೇಳೂದಿಲ್ಲ ನೋಡ್ರಿ.”

ನಾನು ಬರೆದಿಟ್ಟ ಟಿಪ್ಪಣಿಗಳಲ್ಲಿ ಈ ಮಾತಿಗೆ ಸರಿಗಟ್ಟುವುದು ಒಂದೂ ಇರಲಿಲ್ಲ. ಹೊತ್ತು ಹೋದದ್ದು ತಿಳಿಯಲಿಲ್ಲ. ಕರಜಿಕಾಯಿ ಕೊಟ್ಟಳು, ತಿಂದೆ. ತನ್ನ ಸತ್ತ ಮಗನ ಕಥೆ ಹೇಳಿದಳು, ಕೇಳಿದೆ. ಗಡಿಯಾರ ನೋಡಿದಾಗ ಎರಡು ಗಂಟೆ ಸಂದಿತ್ತು. ಮೂರನೆಯ, ನಾಲ್ಕನೆಯ ಮನೆಗಳಲ್ಲಿ ನಿಂತಂತೆಯೇ ಪ್ರಾರ್ಥಿಸಿದೆ. ಐದನೆಯದು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ಮುದುಕ ಬಡಗಿಯ ಮನೆ. ಅದು ಊರಿನ ಆ ಕೊನೆಯಲ್ಲಿತ್ತು. ಹಬ್ಬದೊಳಗಾಗಿ ಮತ್ತೊಮ್ಮೆ ಬಂದರಾಯಿತೆಂದು ಓಡಿ ಬಸ್ಸು ಹಿಡಿದೆ.

ಡಿಸೆಂಬರ್ 23ರ ಬೆಳಗ್ಗೆ ಆತ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದಾಗ ಅವನ ಮಗ ನನ್ನ ಪಕ್ಕಕ್ಕೆ ಬಂದು ನಿಂತ. ದೂರುವ ಧ್ವನಿಯಲ್ಲ, ಸುಮ್ಮನೆ ತಿಳಿಸುವಂತೆ ಹೇಳಿದ: “ಆವತ್ತ ನೀವು ಬರ್ತೀರಿ ಅಂತ ಮುಂಜಾನಿಂದ ಬಾಗಲಾ ತೆರದ ಇಟ್ಟಿದ್ವಿರಿ.”

ಆ ವರ್ಷದ ಕ್ರಿಸ್ಮಸ್ ಭಾನುವಾರವೇ ಬಂದಿತ್ತು. ಸಭೆಯೆಲ್ಲ ಹಾಡುತ್ತಿದ್ದಾಗ ನನಗೆ ಆ ತೆರೆದ ಬಾಗಿಲಿನದೇ ಚಿಂತೆ. ಮುದುಕಿಯ ಮನೆಯಲ್ಲಿ ಕಳೆದ ಹೊತ್ತು ವ್ಯರ್ಥವಾಯಿತೆಂದು ನಾನು ಈಗಲೂ ಹೇಳಲಾರೆ. ಆದರೆ ಅದು ನನ್ನ ಗಂಟಿನಿಂದ ಕೊಟ್ಟ ಹೊತ್ತಲ್ಲ, ಬಡಗಿಯ ಪಾಲಿನದು. ನಾನು ಬಿಟ್ಟುಕೊಡಬೇಕಾಗಿದ್ದುದು ನಾಲ್ಕೂವರೆಯ ಬಸ್ಸನ್ನು, ಆರು ಗಂಟೆಯ ತಾಲೀಮನ್ನು. ನಾನಿಲ್ಲದೆ ನಡೆಯದೆಂದು ನಾನೇ ಭಾವಿಸಿಕೊಂಡಿದ್ದ ಓಡಾಟವನ್ನು. ಆ ರಾತ್ರಿ ಹಳ್ಳಿಯಲ್ಲಿಯೇ ಉಳಿಯಬಹುದಾಗಿತ್ತು. ಅದು ತೋಚಲೇ ಇಲ್ಲ.

ಮರುವರ್ಷ, 2023ರ ಡಿಸೆಂಬರಿನಲ್ಲಿ, ಅದೇ ಪಟ್ಟಿ ಮತ್ತೆ ಕೈಗೆ ಬಂತು. ನಾಲ್ಕು ಹೆಸರುಗಳು ಅಳಿಸಿದ್ದವು, ಮೂರು ಹೊಸದಾಗಿ ಸೇರಿದ್ದವು. ಬಡಗಿಯ ಹೆಸರಿದ್ದಲ್ಲಿ ಈಗ ಅವನ ಹೆಂಡತಿಯ ಹೆಸರು. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡು, ಬಗಲಲ್ಲಿ ಒಂದು ಕಂಬಳಿ ಇಟ್ಟುಕೊಂಡು, ಹೋಗುವ ಬಸ್ಸನ್ನು ಮಾತ್ರ ವಿಚಾರಿಸಿ ಹೊರಟೆ. ಎರಡು ದಿನದ ಮೇಲೆ ಹಿಂದಿರುಗಿದಾಗ ನಾಟಕದ ತಾಲೀಮು ಯಾವ ಕೊರತೆಯೂ ಇಲ್ಲದೆ ನಡೆದಿತ್ತು. ನಾನು ಇಲ್ಲದ್ದನ್ನು ಒಬ್ಬರೂ ಗಮನಿಸಿರಲಿಲ್ಲ.

ಆ ಸಲ ಮೊದಲು ಹೋದದ್ದು ಊರಿನ ಆ ಕೊನೆಯ ಮನೆಗೆ. ಬಾಗಿಲು ತೆರೆದೇ ಇತ್ತು.